ಸದ್ದಿನ ನೆರಳು

ನನ್ನ ತಮ್ಮನ ಮಗಳು ಲೆಸಿಯೆಲಿಗೆ ಹೆತ್ತ ತಾಯಿ ಅಗಿಯುವ ಸದ್ದು ಆಗಿಬರುತ್ತಿರಲಿಲ್ಲ. ಇದನ್ನು ಹೇಳಿದರೆ ಅರ್ಧ ಜನ ನಗುತ್ತಾರೆ, ಉಳಿದರ್ಧ ಜನ ಹುಡುಗಿಗೆ ಸೊಕ್ಕು ಎನ್ನುತ್ತಾರೆ. ಅವರ ಬಾಯಿಗೆ ನಾನು ಬೀಗ ಹಾಕಲಾರೆ. ಆದರೆ ಟೊಂಗಾದ ನಮ್ಮ ಓಣಿಯಲ್ಲಿ ಅಪ್ಪನ ಅಕ್ಕನೆಂದರೆ ಮನೆಗೆ ರಾಣಿ. ಮದುವೆಗಾಗಲಿ ಮಣ್ಣಿಗಾಗಲಿ ಅವಳು ಕೂತ ಮೇಲೆಯೇ ಉಳಿದವರು ಕೂರಬೇಕು. ಆ ಮನೆಯ ಕಥೆ ಹೇಳುವ ಹಕ್ಕು ನನಗಿದೆ, ಹೇಳುತ್ತೇನೆ.

ಹುಡುಗಿ ಚಿಕ್ಕವಳಿದ್ದಾಗಲೇ ಹಾಗಿದ್ದಳು. ನನ್ನ ತಮ್ಮ ಸೆಮಿಸಿ ಮೀನಿನ ತಲೆ ಚೀಪತೊಡಗಿದರೆ ಸಾಕು, ತನ್ನ ಎಲೆ ಎತ್ತಿಕೊಂಡು ಹಲಸಿನ ಮರದ ಹಿಂದೆ ಹೋಗಿ ಕೂರುತ್ತಿದ್ದಳು. ಯಾರಾದರೂ ಚಪ್ಪಲಿ ಪಟಪಟ ಎಳೆದುಕೊಂಡು ನಡೆದರೆ ಕಣ್ಣಲ್ಲಿ ನೀರು. ತೆಂಗಿನಕಾಯಿ ತುರಿಯುವ ಹೊತ್ತಿಗೆ ಅವಳು ಮನೆಯಲ್ಲೇ ಇರುತ್ತಿರಲಿಲ್ಲ. ಅದೇ ಹುಡುಗಿ ಚಂಡಮಾರುತ ಬಂದು ತಗಡಿನ ಮಾಡು ಕಿತ್ತುಹೋಗುವಾಗ ಹಾಯಾಗಿ ಮಲಗಿದ್ದಳು. ಚರ್ಚಿನಲ್ಲಿ ಊರಿಗೆ ಊರೇ ಎದೆ ಬಿರಿಯುವಂತೆ ಹಾಡುವಾಗ ಅವಳ ಮುಖ ನೋಡಬೇಕಿತ್ತು, ಈಗ ತಾನೇ ಸ್ನಾನ ಮಾಡಿ ಬಂದವಳಂತೆ ಇರುತ್ತಿತ್ತು. ಗುಡುಗಿಗೆ ಹೆದರದವಳು ಚಮಚಕ್ಕೆ ಹೆದರುತ್ತಿದ್ದಳು.

ಪಕ್ಕದ ಮನೆಯ ಟೋಕಿಲುಪೆ ಒಮ್ಮೆ ಅವಳ ಕಿವಿಯನ್ನು ಬಿಸಿಲಿಗೆ ಹಿಡಿದು ಪರೀಕ್ಷೆ ಮಾಡಿದಳು. ಟೋಕಿಲುಪೆಗೆ ತಿಳಿಯದ ರೋಗವಿಲ್ಲ, ವಾಸಿ ಮಾಡಿದ ರೋಗವೂ ಇಲ್ಲ.

"ಗೋರಿ ಹತ್ರ ಹೂ ಕಿತ್ತಿರ್ತಾಳೆ ಇವಳು. ಯಾವನೋ ಸತ್ತೋನು ಕಿವೀಲಿ ಮನೆ ಮಾಡ್ಕೊಂಡವ್ನೆ," ಎಂದಳು.

"ಬಾಡಿಗೆ ಕೊಡ್ತಾನಂತಾ ಕೇಳು," ಎಂದೆ ನಾನು.

ಆದರೂ ಅವಳು ಸೊಪ್ಪು ಜಜ್ಜಿ ರಸ ಹಿಂಡಿದಳು. ಸತ್ತವನು ಹೋಗಲಿಲ್ಲ. ಹುಡುಗಿಯ ಕಿವಿ ನಾಲ್ಕು ದಿನ ಹಸಿರಾಗಿತ್ತು, ಅಷ್ಟೇ.

ಬೆಳೆಯುತ್ತಾ ಲೆಸಿಯೆಲಿ ತನ್ನ ದಾರಿ ತಾನೇ ಕಂಡುಕೊಂಡಳು. ಊಟದ ಹೊತ್ತಿಗೆ ಏನಾದರೂ ಕೆಲಸ ಹುಡುಕಿಕೊಳ್ಳುವಳು. ಚರ್ಚಿನಲ್ಲಿ ದಪ್ಪ ದನಿಯ ಗಂಡಸರ ಮುಂದಿನ ಸಾಲಿನಲ್ಲೇ ಕೂರುವಳು. ಸೆಮಿಸಿ ತೀರಿಕೊಂಡ ಮೇಲೆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ತಾಯಿ ಮತೆಲಿತಾ ಮೆತ್ತಗಿನ ಹೆಂಗಸು. ಮಗಳು ಎದ್ದು ಹೋದರೆ ಏನೂ ಕೇಳದೆ ನಮ್ಮ ಜಗಲಿಗೆ ಬಂದು ನನ್ನೊಡನೆ ತಿನ್ನುತ್ತಿದ್ದಳು. ಹೇಗೋ ಬಾಳು ಸಾಗಿತ್ತು.

ಮತೆಲಿತಾಗೆ ಲಕ್ವ ಹೊಡೆದಾಗ ಸಾಗುವುದು ನಿಂತಿತು. ಬಲಗೈ, ಬಲಗಾಲು ಹೋದವು. ಮುಖದ ಬಲಭಾಗ ಜೋತುಬಿತ್ತು. ನಾಲಿಗೆ ತಡವರಿಸಿದರೂ ಮಾತು ಉಳಿಯಿತು, ಆದರೆ ಅಗಿಯುವುದು ಕಷ್ಟವಾಯಿತು. ಒಂದು ಗೆಣಸಿನ ತುಂಡನ್ನು ಎಡದವಡೆಗೆ ತಳ್ಳಿ, ಪಚಪಚ ಎಂದು ಜಗಿದು, ಸೋರಿದ್ದನ್ನು ಒಳಗೆಳೆದುಕೊಂಡು ನುಂಗುವಷ್ಟರಲ್ಲಿ ಒಂದು ಪ್ರಾರ್ಥನೆ ಮುಗಿಯುತ್ತಿತ್ತು. ಲೆಸಿಯೆಲಿ ಪಾಪ, ತಾಯಿಯನ್ನು ತೊಳೆದಳು, ಎತ್ತಿದಳು, ಬೆನ್ನಿಗೆ ಎಣ್ಣೆ ತಿಕ್ಕಿದಳು, ಹೊಲಸು ಬಳಿದಳು. ಒಂದು ದಿನವೂ ಮುಖ ಕಿವುಚಲಿಲ್ಲ. ತಟ್ಟೆ ತಂದಿಟ್ಟು, ಮೊದಲ ತುತ್ತು ತಾಯಿಯ ಬಾಯಿಗೆ ಹೋಗುತ್ತಲೇ ಹೊರಗೆ ಓಡುತ್ತಿದ್ದಳು.

ಮತೆಲಿತಾ ಎರಡನೇ ತುತ್ತು ಮುಟ್ಟುತ್ತಿರಲಿಲ್ಲ. ಒಬ್ಬಂಟಿಯಾಗಿ ತಿನ್ನುವುದು ನಮ್ಮಲ್ಲಿ ನಾಯಿಯ ಪಾಡು. ನಾನು ಹೋಗಿ ಕೂತರೆ ಮರ್ಯಾದೆಗೆ ನಾಲ್ಕು ಕಾಳು ತಿನ್ನುವಳು. ಕಣ್ಣು ಮಾತ್ರ ಬಾಗಿಲ ಮೇಲೆ.

"ಅತ್ತಿಗೆ, ನಾನು ಅಷ್ಟು ಅಸಹ್ಯ ಆಗಿದೀನಾ?" ಎಂದು ಒಂದು ದಿನ ಕೇಳಿದಳು. "ಹೆತ್ತ ಮಗಳೇ ನೋಡ್ಲಾರದಷ್ಟು?"

"ನೋಡೋಕಲ್ಲ ಕಣೇ, ಕೇಳೋಕಾಗಲ್ಲ ಅವಳಿಗೆ."

"ಎರಡೂ ಒಂದೇ."

ಆಸ್ಪತ್ರೆಯ ನರ್ಸು ಬಂದು ತೋಳಿನ ಸುತ್ತಳತೆ ನೋಡಿ ನನ್ನನ್ನು ಅಂಗಳಕ್ಕೆ ಕರೆದಳು. ಹೀಗೇ ತಿನ್ನದೆ ಇದ್ದರೆ ಗೆಣಸು ಅಗೆಯುವ ಕಾಲದವರೆಗೂ ಇರುವುದಿಲ್ಲ, ಅವಳ ಜೊತೆ ಕೂತು ತಿನ್ನಿಸಬೇಕಾದವರು ಯಾರೋ ಅವರು ಕೂರಬೇಕು ಎಂದಳು. ನನಗೆ ತಲೆ ಕೆಟ್ಟುಹೋಯಿತು. ಕೋಲು ಹಿಡಿದುಕೊಂಡು ಹುಡುಗಿಯನ್ನು ಹುಡುಕುತ್ತಾ ಕಡಲ ಕಡೆ ನಡೆದೆ.

ದಕ್ಷಿಣದ ದಂಡೆಯ ಬಂಡೆಗಳಲ್ಲಿ ತೂತುಗಳಿವೆ. ಅಲೆ ಕೆಳಗಿಂದ ನುಗ್ಗಿ ತೂತಿನಿಂದ ಮೇಲೆ ಚಿಮ್ಮಿ, ಸೀಟಿ ಹೊಡೆದು, ಬಿಳಿಯ ಹೊಗೆಯಾಗಿ ಇಳಿಯುತ್ತದೆ. ಅವಳು ಅಲ್ಲಿ ಕೇದಗೆಯ ಬುಡದಲ್ಲಿ ಮಲಗಿದ್ದಳು. ಬೈಯಲೆಂದೇ ಹೋದವಳು ನಾನು. ಆದರೆ ಮಧ್ಯಾಹ್ನದ ಬಿಸಿಲು, ಆ ಹೊಗೆ, ಉಪ್ಪಿನ ಗಾಳಿ ಎಲ್ಲ ಸೇರಿ ನನ್ನ ಸಿಟ್ಟನ್ನು ಎಲ್ಲಿಗೋ ಒಯ್ದವು. ಪಕ್ಕದಲ್ಲೇ ಒರಗಿದೆ.

"ನಿನಗೆ ಹೇಗೆ ಕೇಳ್ಸುತ್ತೆ ಅದು? ನನಗೂ ಹೇಳು," ಎಂದೆ.

ಕೇದಗೆಯ ಒಣಗರಿಯೊಂದನ್ನು ಸೀಳುತ್ತಾ ಹೇಳಿದಳು. "ಕಿವೀಲಿ ಕೇಳ್ಸಲ್ಲ ಅತ್ತೆ. ಉಗುರಿನ ಕೆಳಗೆ ಕೇಳ್ಸುತ್ತೆ. ಯಾರೋ ಒಳಗಡೆ ಕೈ ಹಾಕಿ ನನ್ನ ಹಿಡ್ಕೊಂಡ ಹಾಗೆ. ಸಿಟ್ಟು ಬರುತ್ತೆ, ಎಂಥಾ ಸಿಟ್ಟು ಗೊತ್ತಾ? ಅಮ್ಮನ್ನ ಹೊಡೆದುಬಿಡ್ತೀನೇನೋ ಅನ್ಸುತ್ತೆ. ಅದಕ್ಕೇ ಓಡ್ತೀನಿ. ಬೇರೆಯೋರು ತಿಂದ್ರೆ ಇಷ್ಟಿಲ್ಲ. ಅಮ್ಮಂದೇ ಜಾಸ್ತಿ. ಯಾರನ್ನ ಬಿಟ್ಟಿರೋಕಾಗಲ್ವೋ ಅವರದ್ದೇ ಜಾಸ್ತಿ."

"ನಾನು ತಿಂದ್ರೆ?"

"ನೀವು ತಿಂದ್ರೂ ಸುಮಾರು ಹಿಂಸೆನೇ ಆಗುತ್ತೆ."

ನನಗೆ ಒಳಗೊಳಗೇ ಸಂತೋಷವಾಯಿತು ಎಂದರೆ ನಂಬುತ್ತೀರೋ ಇಲ್ಲವೋ. ಕಣ್ಣು ಮುಚ್ಚಿ ಅವಳ ಹಾಗೆ ಕೇಳಲು ನೋಡಿದೆ. ಮೊದಲು ಕಡಲಷ್ಟೇ ಇತ್ತು. ಆಮೇಲೆ ಅದರ ಅಡಿಯಿಂದ ಒಂದೊಂದೇ ಎದ್ದು ಬಂದವು: ಏಡಿಯ ಕಾಲು ಚಿಪ್ಪಿನ ಮೇಲೆ, ಒಣಗರಿ ಒಣಗರಿಗೆ ತಾಗಿದ್ದು, ನನ್ನದೇ ಗಂಟಲಲ್ಲಿ ಎಂಜಲು ಇಳಿದದ್ದು. ಒಂದು ಅಲೆ ಚಿಮ್ಮಿದಾಗ ಎಲ್ಲವೂ ಮುಳುಗಿದವು, ಮತ್ತೆ ತೇಲಿದವು. ನಾನು ನಿದ್ದೆ ಹೋದೆನೋ ಏನೋ. ನನ್ನ ತಮ್ಮ ಸೆಮಿಸಿ ಅಲ್ಲೇ ಬಂಡೆಯ ಮೇಲೆ ಕೂತು ಮೀನಿನ ತಲೆ ಚೀಪುತ್ತಿದ್ದ. ತುಟಿ ಆಡುತ್ತಿತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ಎದ್ದಾಗ ಬಿಸಿಲು ಹಳದಿಯಾಗಿತ್ತು, ನನ್ನ ತಲೆಯಲ್ಲಿ ಒಂದು ಉಪಾಯ ಕೂತಿತ್ತು. ಇವಳಿಗೆ ಬೇಕಾದದ್ದು ನಿಶ್ಶಬ್ದ. ಇಡೀ ಓಣಿಯನ್ನೇ ಸುಮ್ಮನಾಗಿಸಿದರೆ ಅವಳ ಜೀವ ತಣ್ಣಗಾಗುತ್ತದೆ, ತಾಯಿಯ ಬಳಿ ಕೂರುತ್ತಾಳೆ.

ನಮ್ಮ ಓಣಿಯಲ್ಲಿ ಬೆಳಗಿನಿಂದ ಬೈಗಿನವರೆಗೆ ಬಡಿತ. ಹೆಂಗಸರು ಕಾಗದದ ಮರದ ತೊಗಟೆಯನ್ನು ದಿಮ್ಮಿಯ ಮೇಲೆ ಹಾಸಿ, ಮರದ ಬಡಿಗೆಯಿಂದ ಬಡಿದು ಬಡಿದು ಅಗಲ ಮಾಡಿ ಬಟ್ಟೆ ಮಾಡುತ್ತಾರೆ. ಟೋಕಿಲುಪೆಯ ಚಪ್ಪರದಲ್ಲಿ ಐದಾರು ಬಡಿಗೆಗಳು ಒಟ್ಟಿಗೆ ಏಳುತ್ತವೆ. ಮರುದಿನ ಊಟದ ಹೊತ್ತಿಗೆ ಮುಂಚೆ ಅಲ್ಲಿಗೆ ಹೋಗಿ ನಿಂತು ಹೇಳಿದೆ:

"ಬಡಿಗೆ ಕೆಳಗಿಡಿ. ನಾನು ಹೇಳೋವರೆಗೂ ಯಾರೂ ಎತ್ತಬಾರದು."

"ಯಾಕೆ ಕಲೊಲೈನೆ ಅಕ್ಕ?"

"ಯಾಕೆ ಗೀಕೆ ಎಲ್ಲ ಬೇಡ. ಇಡಿ ಅಂದ್ರೆ ಇಡಿ. ಕೋಳಿ ಬುಟ್ಟಿ ಕೆಳಗೆ ಹಾಕಿ. ನಾಯಿ ಕಟ್ಟಿ."

ರಾಣಿಗೆ ಕಾರಣ ಹೇಳುವ ಅಭ್ಯಾಸವಿರುವುದಿಲ್ಲ. ಐದಾರು ಬಡಿಗೆ ಮೆಲ್ಲಗೆ ನೆಲ ಮುಟ್ಟಿದವು. ಟೋಕಿಲುಪೆ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವಳಿಗೆ ಸೆಖೆಯಾಗಿರಬೇಕು ಎಂದುಕೊಂಡೆ.

ಎಂಥ ಮೌನ ಅದು! ಓಣಿಯ ಮೇಲೆ ಯಾರೋ ದೊಡ್ಡ ಚಾಪೆ ಹೊದಿಸಿದಂತಿತ್ತು. ಪಪ್ಪಾಯಿ ಎಲೆಯ ನೆರಳು ಅಂಗಳದಲ್ಲಿ ಅಲ್ಲಾಡುವುದು ಕೂಡ ಕೇಳಿಸುತ್ತದೇನೋ ಎನಿಸಿತು. ಒಳಗೆ ಮತೆಲಿತಾಳನ್ನು ದಿಂಬಿಗೆ ಒರಗಿಸಿ, ತೆಂಗಿನ ಹಾಲಲ್ಲಿ ಬೆಂದ ಕೆಸವಿನೆಲೆಯ ಪೊಟ್ಟಣ ಬಿಚ್ಚಿದೆ. ಲೆಸಿಯೆಲಿ ತಾಯಿಯ ಎಡಗೈ ಹಿಡಿದು ಕೂತಳು. ಮತೆಲಿತಾ ಮಗಳನ್ನು ನೋಡಿ ಅರ್ಧಮುಖದಲ್ಲಿ ನಕ್ಕು ಬಾಯಿ ತೆರೆದಳು.

ಪಚ್.

ಆ ಒಂದು ಸದ್ದು ಬಿಟ್ಟರೆ ಲೋಕದಲ್ಲಿ ಬೇರೇನೂ ಇರಲಿಲ್ಲ. ನಾನೇ ಬೆಚ್ಚಿದೆ, ನನ್ನ ಕಿವಿ ಅರ್ಧ ಸತ್ತ ಕಿವಿ. ಪಚ್, ಪಚ್, ಸುರ್. ಲೆಸಿಯೆಲಿಯ ತುಟಿ ಬೆಳ್ಳಗಾಯಿತು. ಮೂರನೆಯದಕ್ಕೆ ಕೈ ಕೊಡವಿಕೊಂಡು ಎದ್ದವಳು ಬಾಗಿಲು ದಾಟಿ, ಅಂಗಳ ದಾಟಿ, ಟೋಕಿಲುಪೆಯ ಚಪ್ಪರದ ಮುಂದೆಯೇ ಬಿಕ್ಕಿಬಿಕ್ಕಿ ಅಳುತ್ತಾ ಕಡಲಿನ ಕಡೆ ಓಡಿದಳು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ಸಾವಾದ ಓಣಿಯಲ್ಲಿ ಬಡಿಗೆ ಎತ್ತಬಾರದು ಎಂಬುದು ಅಜ್ಜಿಯ ಕಾಲದ ಕಟ್ಟಲೆ. ಸಾವಿನ ಮನೆಯಲ್ಲಿ ಮುಂದೆ ನಿಂತು ಆಜ್ಞೆ ಕೊಡುವವಳು ಅಪ್ಪನ ಅಕ್ಕ. ಅಪ್ಪನ ಅಕ್ಕ ಬಂದು ಬಡಿಗೆ ಇಡಿ ಎಂದಳು, ಕಾರಣ ಹೇಳಲಿಲ್ಲ. ಆಮೇಲೆ ಮಗಳು ಅಳುತ್ತಾ ಓಡಿದಳು. ಇನ್ನೇನು ಬೇಕು? ಇಷ್ಟನ್ನು ನಾನು ಯೋಚಿಸಿರಲಿಲ್ಲ. ಮತೆಲಿತಾ ಕಣ್ಣೀರು ಸುರಿಸುತ್ತಾ ಕೂತಿದ್ದಳು, ನಾನು ಅವಳ ಬಾಯಿ ಒರೆಸಿ, ಸಮಾಧಾನ ಮಾಡಿ, ಇನ್ನೊಂದು ತುತ್ತು ಬಾಯಿಗಿಡುವಾಗ ಹೊತ್ತು ಬಾಗಿತ್ತು. ಅಷ್ಟರಲ್ಲಿ ಅಂಗಳದಿಂದ ಗೋಳೋ ಎಂಬ ದನಿ ಎದ್ದಿತು.

ಇಣುಕಿದೆ. ಊರಿಗೆ ಊರೇ ಕಪ್ಪುಟ್ಟು, ನಮ್ಮಲ್ಲಿ ಸಾವಿಗೆಂದೇ ಸೊಂಟಕ್ಕೆ ಉಡುವ, ಎದೆಯ ತನಕ ಬರುವ ಹರಕು ಚಾಪೆ ಸುತ್ತಿಕೊಂಡು ನಿಂತಿತ್ತು. ನಾಲ್ಕು ಜನ ಹೆಂಗಸರು ಉದ್ದನೆಯ ತೊಗಟೆ ಬಟ್ಟೆಯನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಪಾದ್ರಿ ಕೆಪುಎಲಿ ಹಾಡಿಗೆ ಶ್ರುತಿ ಕೊಡುತ್ತಿದ್ದರು. ಹಿತ್ತಲಲ್ಲಿ ಒಂದು ಹಂದಿ ಕಿರುಚಿ ಸುಮ್ಮನಾಯಿತು. ಯಾರೋ ಆಗಲೇ ಕೊಯ್ದಾಗಿತ್ತು. ಇಲ್ಲ ಇಲ್ಲ ಎಂದು ಕೂಗಿದೆ, ಆ ಗೋಳಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಟೋಕಿಲುಪೆ ನನ್ನನ್ನು ತಬ್ಬಿ, ಎದೆಗೆ ಒತ್ತಿ, ಪಕ್ಕಕ್ಕೆ ತಳ್ಳಿ, ಹೆಣಕ್ಕೆ ಕೊನೆಯ ಮುತ್ತು ಕೊಡಲು ನೇರ ಒಳಗೆ ಹೋದಳು.

ಹೆಣ ಕಣ್ಣು ಬಿಟ್ಟುಕೊಂಡು ಕೆಸವಿನೆಲೆ ಅಗಿಯುತ್ತಿತ್ತು.

ಟೋಕಿಲುಪೆ ಹೊಡೆದ ಚೀರಿಗೆ ಕೋಳಿಗಳು ಬುಟ್ಟಿ ಸಮೇತ ಹಾರಿದವು. ಕಿಟಕಿ ಬಾಗಿಲಲ್ಲೆಲ್ಲ ಮುಖಗಳು ತುಂಬಿದವು. ಮತೆಲಿತಾ ಒಬ್ಬೊಬ್ಬರನ್ನೇ ನಿಧಾನವಾಗಿ ನೋಡಿದಳು.

"ಅತ್ತಿಗೆ, ಇದೆಲ್ಲ ನನಗಾ?"

"ಹೂಂ ಕಣೇ."

"ಆ ಉದ್ದದ ಬಟ್ಟೆ ಯಾರು ತಂದದ್ದು? ಬಿಡಿಸಿ ತೋರ್ಸಿ. ಸತ್ತ ಮೇಲೆ ನೋಡೋಕಾಗುತ್ತಾ?"

ಮೊದಲು ನಕ್ಕವರು ಪಾದ್ರಿಯೇ. ಆಮೇಲೆ ಅಂಗಳವೆಲ್ಲ ನಗತೊಡಗಿತು, ಅಳುತ್ತಿದ್ದವರು ಅಳುತ್ತಲೇ ನಕ್ಕರು. ಟೋಕಿಲುಪೆ ಮಾತ್ರ ಮೂಲೆಯಲ್ಲಿ ಕೂತು, "ಸಾಯ್ದೇ ಇದ್ದೋರ್ಗೋಸ್ಕರ ನಮಗೆ ಸಾವಿನ ಚಾಪೆ ಉಡಿಸಿದ್ರಲ್ಲ, ನಾಚ್ಕೆ ಇಲ್ವಾ ನಿಮ್ಮ ವಂಶಕ್ಕೆ?" ಎಂದು ಗೊಣಗುತ್ತಿದ್ದಳು. ಕೊಯ್ದ ಹಂದಿಯನ್ನು ಮತ್ತೆ ಬದುಕಿಸುವುದು ಹೇಗೆ? ನೆಲದೊಲೆ ತೋಡಿದರು, ಕಲ್ಲು ಕಾಯಿಸಿದರು. ಬಂದ ಜನ ಹಾಡದೆ ಹೋಗುವುದೂ ಇಲ್ಲ. ಸಾವಿನ ಹಾಡಿಗೆಂದು ತೆಗೆದ ದನಿಯಲ್ಲೇ ಸ್ತುತಿಯ ಹಾಡು ಶುರುವಾಯಿತು. ಮನೆಯ ತಗಡು ಅದುರುತ್ತಿತ್ತು. ಹೊಗೆ, ಹೊತ್ತು ಇಳಿಯುವ ಬಿಸಿಲು, ಕಪ್ಪುಟ್ಟ ಬೆನ್ನುಗಳು, ಎಲ್ಲ ಸೇರಿ ಯಾವುದೋ ನೀರಿನ ಕೆಳಗೆ ಕೂತಂತಿತ್ತು ನನಗೆ.

ಆ ಹೊಗೆಯ ನಡುವೆ ಲೆಸಿಯೆಲಿ ಬಂದಳು. ದಾರಿಯಲ್ಲಿ ಯಾರೋ ಅವಳಿಗೆ, ಅಮ್ಮ ಹೋದಳಂತಲ್ಲೇ ಎಂದಿದ್ದರು. ಕಾಲು ಕಲ್ಲಿಗೆ ಸೀಳಿ ರಕ್ತ ಬರುತ್ತಿತ್ತು. ತಾನು ಕೈ ಕೊಡವಿಕೊಂಡು ಓಡಿದ ಗಳಿಗೆಯಲ್ಲೇ ಅಮ್ಮ ಹೋದಳು ಎಂದು ನಂಬಿಕೊಂಡೇ ಅಷ್ಟು ದೂರ ಬಂದಿದ್ದಳು ಪಾಪಿ. ತಾಯಿ ಹಂದಿಯ ಚರ್ಮ ಜಗಿಯುತ್ತಾ ಕೂತಿರುವುದನ್ನು ಕಂಡು ಹೊಸ್ತಿಲಲ್ಲೇ ನೆಲಕ್ಕೆ ಕೂತಳು. ತೆವಳಿಕೊಂಡು ಹೋಗಿ ಪಕ್ಕದಲ್ಲಿ ಕೂತು ತಾಯಿಯ ಹೆಗಲಿಗೆ ತಲೆ ಒತ್ತಿದಳು. ಮತೆಲಿತಾ ಅಗಿದಳು, ಮತ್ತೆ ಅಗಿದಳು, ತಟ್ಟೆ ಖಾಲಿ ಮಾಡಿ ಇನ್ನೊಂದು ಕೇಳಿದಳು. ಹುಡುಗಿ ಅಲ್ಲಾಡಲಿಲ್ಲ. ತಾನೂ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡಳು.

ಪ್ರೀತಿ ಗೆದ್ದಿತು, ಇನ್ನು ಎಲ್ಲ ಸರಿಹೋಯಿತು ಎಂದು ನಾನು ಎಲ್ಲರ ಮುಂದೆ ಹೇಳಿಬಿಟ್ಟೆ. ಮರುದಿನ ಬೆಳಗಿನ ತಿಂಡಿಗೆ ಅವಳು ಮತ್ತೆ ಓಡಿದಳು.

ಅಟ್ಟಿಸಿಕೊಂಡು ಹೋಗಿ ಬೇಲಿಯ ಹತ್ತಿರ ಹಿಡಿದೆ. "ನಿನ್ನೆ ಕೂತೆಯಲ್ಲೇ! ಇವತ್ತೇನಾಯ್ತು?"

"ನಿನ್ನೆ ಕೇಳಿಸಲೇ ಇಲ್ಲ ಅತ್ತೆ," ಎಂದು ಅತ್ತಳು. "ಹಾಡು ಅದರ ಮೇಲೆ ಬಂದು ಕೂತಿತ್ತು. ನನಗೆ ಅಮ್ಮ ಇಷ್ಟ ಇಲ್ಲ ಅಂತ ಅಲ್ಲ ಅತ್ತೆ, ಯಾಕೆ ಯಾರೂ ನಂಬಲ್ಲ?"

ಆಗ ನನ್ನ ಮಂದ ತಲೆಗೆ ಹೊಳೆಯಿತು. ಬರಿ ಬಯಲಿನಲ್ಲಿ ಬಿಸಿಲು ಸುಡುತ್ತದೆ. ಸಣ್ಣ ಸದ್ದಿಗೆ ದೊಡ್ಡ ಸದ್ದಿನ ನೆರಳು ಬೇಕಿತ್ತು, ನಾನು ಇದ್ದ ಮರವನ್ನೂ ಕಡಿಸಿದ್ದೆ. ನೇರ ಟೋಕಿಲುಪೆಯ ಚಪ್ಪರಕ್ಕೆ ಹೋದೆ. ನಿನ್ನೆಯ ಅವಮಾನಕ್ಕೆ ಅವಳು ಬೆನ್ನು ತಿರುಗಿಸಿ ಕೂತಳು.

"ಈ ಸಲ ಕಾರಣ ಹೇಳ್ತೀನಿ, ಕೇಳಿಸ್ಕೋ," ಎಂದೆ. ಎಲ್ಲ ಹೇಳಿದೆ.

ಅವಳು ಕೇಳಿ, ಮೂಗು ಸೀಟಿ, ಬಡಿಗೆಯನ್ನು ಹೆಗಲಿಗೇರಿಸಿದಳು. "ಇದನ್ನ ನಿನ್ನೆನೇ ಬೊಗಳೋಕೇನಾಗಿತ್ತು? ಒಂದು ಹಂದಿ ಉಳೀತಿತ್ತು," ಎಂದಳು.

ಅಂದೇ ದಿಮ್ಮಿಗಳು ಉರುಳಿಕೊಂಡು ಮತೆಲಿತಾಳ ಕಿಟಕಿಯ ಕೆಳಗೆ ಬಂದವು. ಊಟದ ಹೊತ್ತಿಗೆ ನಾನು ಬಾಗಿಲಿಂದ ಕೈ ಎತ್ತುವೆ. ಐದಾರು ಬಡಿಗೆಗಳು ಒಟ್ಟಿಗೆ ಬೀಳತೊಡಗುವವು. ಟಂಕ ಟಂಕ ಟಂಕ, ಗೋಡೆ ನಡುಗುವಂತೆ. ಆ ಬಡಿತದ ಕೆಳಗೆ ತಾಯಿ ಮಗಳು ಕೂತು ತಿನ್ನುವರು. ಮಾತು ಕೇಳಿಸದೆ ಸನ್ನೆಯಲ್ಲೇ ಉಪ್ಪು ಕೇಳುವರು, ಸನ್ನೆಯಲ್ಲೇ ಜಗಳವಾಡುವರು. ದಿನಗಳು ನಿದ್ದೆಯಲ್ಲಿ ನಡೆದ ಹಾಗೆ ನಡೆದವು. ಮತೆಲಿತಾಳ ಕೆನ್ನೆ ತುಂಬತೊಡಗಿತು. ನರ್ಸು ತೋಳು ಅಳೆದು, ಯಾವ ಔಷಧಿ ಕೊಟ್ಟಿರಿ ಎಂದು ಕೇಳಿದಳು. ಟೋಕಿಲುಪೆ ಬಡಿಗೆ ತೋರಿಸಿದಳು.

ಹೀಗಿರುವಾಗ ಒಂದು ಮಧ್ಯಾಹ್ನ, ಊಟದ ನಡುವೆ, ಟೋಕಿಲುಪೆಗೆ ಯಾರದೋ ಮನೆಯ ಚಾಡಿ ನೆನಪಾಯಿತು. ಅವಳು ಬಡಿಗೆ ನಿಲ್ಲಿಸಿದಳು. ಉಳಿದವರೂ ನಿಲ್ಲಿಸಿ ಅವಳ ಕಡೆ ಬಾಗಿದರು. ನಾನು ಬಾಗಿಲಲ್ಲಿ ತೂಕಡಿಸುತ್ತಿದ್ದವಳು ಮೌನಕ್ಕೆ ಎಚ್ಚೆತ್ತೆ.

ಮತೆಲಿತಾ ಆಗಷ್ಟೇ ಒಂದು ದೊಡ್ಡ ಗೆಣಸಿನ ತುಂಡು ಬಾಯಿಗಿಟ್ಟುಕೊಂಡಿದ್ದಳು. ಅವಳ ದವಡೆ ನಿಂತಿತು. ಉಬ್ಬಿದ ಕೆನ್ನೆ, ಜೋತ ತುಟಿಯಿಂದ ಇಳಿಯುತ್ತಿದ್ದ ತೆಂಗಿನ ಹಾಲು; ಒರೆಸಿಕೊಳ್ಳದೆ, ನುಂಗದೆ, ಉಸಿರನ್ನೂ ಹಿಡಿದಂತೆ ಕಿಟಕಿಯ ಕಡೆ ನೋಡುತ್ತಾ ಕೂತಳು. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದಳೋ! ಹೊರಗೆ ಹೆಂಗಸರು ಬೆವರು ಒರೆಸಿಕೊಳ್ಳಲು, ತೊಗಟೆ ಮಡಿಚಲು ನಿಲ್ಲಿಸಿದಾಗಲೆಲ್ಲ ಈ ತಾಯಿ ಬಾಯಲ್ಲಿ ತುತ್ತು ಇಟ್ಟುಕೊಂಡು ಕಾಯುತ್ತಿದ್ದಳು, ಮಗಳಿಗೆ ಗೊತ್ತಾಗದ ಹಾಗೆ. ಹೊರಗಿನವರಿಗೆ ಬೈಯಲು ತಿರುಗಿದೆ.

"ಬೇಡ ಅತ್ತೆ," ಎಂದಳು ಲೆಸಿಯೆಲಿ.

ಅವಳೂ ನೋಡಿಬಿಟ್ಟಿದ್ದಳು. ಸೆರಗಿನಂತೆ ಇಳಿಬಿದ್ದ ತನ್ನ ಬಟ್ಟೆಯ ತುದಿಯಿಂದ ತಾಯಿಯ ತುಟಿ ಒರೆಸಿ, "ಅಗಿ ಅಮ್ಮ," ಎಂದಳು.

ಮತೆಲಿತಾ ತಲೆ ಅಲ್ಲಾಡಿಸಿ ಕಿಟಕಿ ತೋರಿಸಿದಳು.

"ಅವರು ಶುರು ಮಾಡಿದಾಗ ಮಾಡ್ಲಿ. ನೀನು ಅಗಿ."

"ನೋಯುತ್ತೆ ನಿಂಗೆ," ಎಂದಳು ತಾಯಿ, ತುಂಬಿದ ಬಾಯಲ್ಲಿ.

"ನೋಯುತ್ತೆ," ಎಂದಳು ಮಗಳು. "ನಾನು ಕೂತಿರ್ತೀನಿ. ಅಗಿ."

ಮತೆಲಿತಾ ಅಗಿದಳು. ಆ ಸದ್ದು ಕೋಣೆಯಲ್ಲಿ ಒದ್ದೆಯಾಗಿ, ಸ್ಪಷ್ಟವಾಗಿ ಎದ್ದಿತು. ಲೆಸಿಯೆಲಿಯ ತುಟಿ ಬೆಳ್ಳಗಾಯಿತು, ಕತ್ತಿನ ನರ ಬಿಗಿಯಿತು, ಬೆರಳು ಚಾಪೆಯ ಎಳೆಯೊಳಗೆ ಇಳಿದವು. ಕಣ್ಣು ಮುಚ್ಚಿಕೊಳ್ಳಲಿಲ್ಲ, ತಾಯಿಯ ಮುಖವನ್ನೇ ನೋಡುತ್ತಿದ್ದಳು. ತಾಯಿ ಅವಳನ್ನೇ ನೋಡುತ್ತಾ ಬೇಗ ಬೇಗ ಅಗಿಯಲು ಹೋಗಿ ಕೆಮ್ಮಿದಳು.

"ನಿಧಾನ," ಎಂದಳು ಲೆಸಿಯೆಲಿ, ಹಲ್ಲು ಕಚ್ಚಿಕೊಂಡು. "ನಿಧಾನವಾಗಿ ತಿನ್ನಮ್ಮ."

ಮತೆಲಿತಾ ನಿಧಾನವಾಗಿ ಅಗಿದು ನುಂಗಿದಳು. ಹೊರಗೆ ಇನ್ನೂ ಚಾಡಿ ಮುಗಿದಿರಲಿಲ್ಲ. ಲೆಸಿಯೆಲಿ ಚಾಪೆಯಿಂದ ಬೆರಳು ಬಿಡಿಸಿಕೊಂಡು ಇನ್ನೊಂದು ತುತ್ತು ಮುರಿದು ತಾಯಿಯ ಬಾಯಿಗಿಟ್ಟಳು.